ಸ್ವಯಂಸೇವಕರು ಬಂದು ಮನೆ ಕಟ್ಟಿಕೊಡುತ್ತಾರಂತೆ, ಒಪ್ಪಿಕೊಳ್ಳಬಹುದೇ?

ಪ್ರಶ್ನೆ: ನಾನು ಸಿದ್ದಾಪುರದ ಹತ್ತಿರದ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ (ತೋಟದವರು ಕಾರ್ಮಿಕರಿಗೆ ಕೊಡುವ ಸಾಲುಮನೆ) ಹುಟ್ಟಿ ಬೆಳೆದವಳು. ಈಗ ವಿರಾಜಪೇಟೆಯಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ಅಪ್ಪ ಇಪ್ಪತ್ತೆರಡು ವರ್ಷದಿಂದ ಅದೇ ತೋಟದಲ್ಲಿದ್ದಾರೆ, ಅಮ್ಮ ಕುಯ್ಲಿನ ಕಾಲದಲ್ಲಿ ಹೋಗುತ್ತಾರೆ. ಅಪ್ಪನಿಗೆ ಕೆಲಸ ಮಾಡಲು ಆಗದ ದಿನ ನಾವು ಈ ಮನೆಯನ್ನೂ ಬಿಡಬೇಕು. ನಾವು ಪರಿಶಿಷ್ಟ ಜಾತಿಯವರು. ಪಂಚಾಯಿತಿಯ ವಸತಿರಹಿತರ ಪಟ್ಟಿಯಲ್ಲಿ ಅಪ್ಪನ ಹೆಸರಿದೆ, ಆದರೆ ಸ್ವಂತ ಜಾಗ ಇಲ್ಲ ಅಂತ ಅಲ್ಲಿಗೇ ನಿಂತಿದೆ. ಈಗ ತೋಟದ ಸಾಹುಕಾರರು ಅಂಚಿನಲ್ಲಿ ನಾಲ್ಕು ಸೆಂಟ್ (ಎಕರೆಯ ನೂರರಲ್ಲಿ ನಾಲ್ಕು ಪಾಲು) ಜಾಗ ಕೊಡುತ್ತೇನೆ ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಮೈಸೂರಿನ ಒಂದು ಸೇವಾ ಸಂಸ್ಥೆಯವರು ಸ್ವಯಂಸೇವಕರನ್ನು ಕರೆತಂದು ಮನೆ ಕಟ್ಟಲು ನೆರವಾಗುತ್ತೇವೆ, ಎರಡೂವರೆ ಲಕ್ಷ ಬಡ್ಡಿಯಿಲ್ಲದೆ ಕೊಡುತ್ತೇವೆ, ಹತ್ತು ವರ್ಷದಲ್ಲಿ ತೀರಿಸಿ, ನೀವೂ ಜೊತೆಗೆ ದುಡಿಯಬೇಕು ಎನ್ನುತ್ತಾರೆ. ನಮ್ಮ ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ತಂಡವೂ ಬರಲು ಒಪ್ಪಿದೆ. ಪಕ್ಕದ ಲೈನಿನವರು, ಸಂಸ್ಥೆಯ ನೆರವು ತೆಗೆದುಕೊಂಡರೆ ಸರ್ಕಾರದ ಹಣ ಬರುವುದಿಲ್ಲ ಎನ್ನುತ್ತಾರೆ. ಚಿಕ್ಕಪ್ಪ, ಕಾಲೇಜು ಮಕ್ಕಳು ಕಟ್ಟಿದ ಗೋಡೆ ಒಂದು ಮಳೆಗಾಲಕ್ಕೆ ನಿಲ್ಲುವುದಿಲ್ಲ ಎನ್ನುತ್ತಾರೆ. ಅಪ್ಪನಿಗೆ ಪುಕ್ಕಟೆ ಮನೆ ಅಂದರೇ ಅವಮಾನ. ಅಮ್ಮ ಕೇಳುವುದು ಒಂದೇ: ಮನೆ ಯಾರ ಹೆಸರಿಗೆ ಬರುತ್ತದೆ? ನಮ್ಮ ಕೈಯಲ್ಲಿ ಅರವತ್ತು ಸಾವಿರ ಇದೆ. ಬರುವ ಪುತ್ತರಿ (ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ) ಕಳೆದ ಮೇಲೆ ಕೆಲಸ ಶುರು ಮಾಡೋಣ ಎನ್ನುತ್ತಿದ್ದಾರೆ. ಏನು ಮಾಡಲಿ?
(ಹೆಸರು ಪ್ರಕಟಿಸುವುದು ಬೇಡ ಎಂದು ಕೋರಿದ್ದಾರೆ.)

ಉತ್ತರ: ನಿಮ್ಮ ಪತ್ರದಲ್ಲಿ ಐದು ಜನರ ಮಾತಿದೆ. ಅಪ್ಪನದು ಮಾನದ ಪ್ರಶ್ನೆ, ಚಿಕ್ಕಪ್ಪನದು ಗೋಡೆಯ ಪ್ರಶ್ನೆ, ಪಕ್ಕದವರದು ಅನುದಾನದ ಪ್ರಶ್ನೆ, ನಿಮ್ಮದು ಒಟ್ಟು ಲೆಕ್ಕದ ಪ್ರಶ್ನೆ. ಎಲ್ಲರಿಗಿಂತ ಸರಿಯಾದ ಜಾಗಕ್ಕೆ ಕೈ ಹಾಕಿದವರು ನಿಮ್ಮ ಅಮ್ಮ. ಮಡಿಕೇರಿಯಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ಕಡಿಮೆ ಖರ್ಚಿನ ಮನೆಗಳ ಕೆಲಸ ಮಾಡುತ್ತಿದ್ದೇನೆ. ಈ ಅವಧಿಯಲ್ಲಿ ಕುಟುಂಬಗಳು ಕಳೆದುಕೊಂಡ ಮನೆಗಳಲ್ಲಿ ಹೆಚ್ಚಿನವು ಗೋಡೆ ಬಿದ್ದು ಹೋದವಲ್ಲ, ಕಾಗದ ಇಲ್ಲದೆ ಹೋದವು. ಅಮ್ಮನ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಉತ್ತರ ಸಿಗಬೇಕಾದರೆ ಮಧ್ಯದ ಸಂಗತಿಗಳು ತಿಳಿಯಬೇಕು.

ಮೊದಲು ಅಪ್ಪನ ಮಾತು. ಸಂಸ್ಥೆ ಹೇಳುತ್ತಿರುವುದು ಪುಕ್ಕಟೆ ಮನೆಯಲ್ಲ. ಈ ಪದ್ಧತಿ ದೊಡ್ಡದಾಗಿ ಬೆಳೆದದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಸಣ್ಣ ಊರಿನಲ್ಲಿ. 1976ರಲ್ಲಿ ಮಿಲರ್ಡ್ ಫುಲ್ಲರ್ ಮತ್ತು ಲಿಂಡಾ ಫುಲ್ಲರ್ ದಂಪತಿ ಶುರು ಮಾಡಿದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ಮೂಲ ನಿಯಮ ಸರಳವಾಗಿತ್ತು: ಮನೆಯ ಮೇಲೆ ಲಾಭ ಇಡಬಾರದು, ಸಾಲದ ಮೇಲೆ ಬಡ್ಡಿ ಹಾಕಬಾರದು, ಮನೆ ಪಡೆಯುವ ಕುಟುಂಬ ತನ್ನ ಮನೆಗೂ ಬೇರೆಯವರ ಮನೆಗೂ ಕೆಲವು ನೂರು ಗಂಟೆ ಮೈ ಬಗ್ಗಿಸಿ ದುಡಿಯಬೇಕು. ಆ ಕುಟುಂಬ ಕಟ್ಟುವ ಕಂತಿನ ಹಣ ಒಂದು ನಿಧಿಗೆ ಸೇರಿ ಮುಂದಿನ ಕುಟುಂಬದ ಮನೆಗೆ ಹೋಗುತ್ತದೆ. ಅಧ್ಯಕ್ಷ ಪದವಿಯಿಂದ ಇಳಿದಿದ್ದ ಜಿಮ್ಮಿ ಕಾರ್ಟರ್ 1984ರಲ್ಲಿ ಸುತ್ತಿಗೆ ಹಿಡಿದು ಈ ಕೆಲಸಕ್ಕೆ ಇಳಿದ ಮೇಲೆ ಜಗತ್ತಿಗೆಲ್ಲ ಇದರ ಹೆಸರು ಹಬ್ಬಿತು. 2006ರಲ್ಲಿ ಅವರು ಮಹಾರಾಷ್ಟ್ರದ ಲೋನಾವಳಾ ಹತ್ತಿರ ಬಂದಾಗ ಒಂದೇ ವಾರದ ಶಿಬಿರದಲ್ಲಿ ನೂರು ಮನೆಗಳ ಕೆಲಸ ನಡೆಯಿತು.

ಆದರೆ ಅಪ್ಪನಿಗೆ ಅಮೆರಿಕದ ಕಥೆ ಬೇಕಾಗಿಲ್ಲ. ಅವರಿಗೆ ಮುಯ್ಯಾಳು ಗೊತ್ತು. ನಾಟಿ ಕಾಲದಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂದು ಹೋಗುತ್ತಿದ್ದವರನ್ನು ಯಾರಾದರೂ ಭಿಕ್ಷೆ ಬೇಡಿದವರು ಅಂದದ್ದುಂಟೇ? ಇದೂ ಮುಯ್ಯಿಯೇ. ಸಾಲ ತೀರಿಸುತ್ತೀರಿ, ಕೈಗೆ ಕೈ ಕೊಡುತ್ತೀರಿ, ನಿಮ್ಮ ಕಂತಿನಿಂದ ಇನ್ನೊಂದು ಲೈನ್ ಮನೆಯವರು ಮನೆ ಕಾಣುತ್ತಾರೆ. ಅವಮಾನ ಆಗುವುದಾದರೆ ಅದು ಮನೆಯಿಂದ ಆಗುವುದಿಲ್ಲ, ಫೋಟೋದಿಂದ ಆಗುತ್ತದೆ. ಕುಟುಂಬವನ್ನು ಸಾಲಾಗಿ ನಿಲ್ಲಿಸಿ ಕೈಯಲ್ಲಿ ಬೀಗದ ಕೈ ಕೊಡುವ ಚಿತ್ರ, ಗೋಡೆಯ ಮೇಲೆ ದಾನಿಗಳ ಹೆಸರಿನ ಫಲಕ, ಇವೆಲ್ಲ ಬೇಡ ಎಂದು ಮೊದಲೇ ಹೇಳುವ ಹಕ್ಕು ನಿಮಗಿದೆ. ಹೇಳಿ. ಒಳ್ಳೆಯ ಸಂಸ್ಥೆಗಳು ಇದಕ್ಕೆ ಬೇಸರಪಡುವುದಿಲ್ಲ.

ಇನ್ನು ಸ್ವಯಂಸೇವಕರಿಂದ ಎಷ್ಟು ಹಣ ಉಳಿಯುತ್ತದೆ ಎಂಬ ಲೆಕ್ಕ. ಇದನ್ನು ನೇರವಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ ಇಲ್ಲೇ ಎಡವುತ್ತಾರೆ. ಮೂರು ಚದರದ, ಅಂದರೆ ಮುನ್ನೂರು ಚದರ ಅಡಿಯ, ಒಂದು ಮನೆ ಇಟ್ಟುಕೊಳ್ಳಿ: ಒಂದು ಕೋಣೆ, ಒಂದು ಹಜಾರ, ಅಡುಗೆಮನೆ, ಬಚ್ಚಲು. ನಮ್ಮ ಕಡೆ ಮರಳು, ಸಿಮೆಂಟು, ಕಬ್ಬಿಣ ಎಲ್ಲವೂ ಘಾಟಿ ಹತ್ತಿ ಬರುವುದರಿಂದ ಚದರಕ್ಕೆ 1.8 ಲಕ್ಷದ ಹಾಗೆ ನಾನು ಅಂದಾಜು ಹಾಕುತ್ತೇನೆ. ಒಟ್ಟು 5.4 ಲಕ್ಷ. ಇದರಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗ ಕೂಲಿ, ಅಂದರೆ 1.8 ಲಕ್ಷ. ಆ ಕೂಲಿಯಲ್ಲೂ ಅರ್ಧಕ್ಕಿಂತ ಹೆಚ್ಚು ಹೋಗುವುದು ಗಾರೆ ಮೇಸ್ತ್ರಿಗೆ, ಬಡಗಿಗೆ, ಕಂಬಿ ಕಟ್ಟುವವರಿಗೆ, ವೈರಿಂಗ್ ಮಾಡುವವರಿಗೆ. ಆ ಕೆಲಸ ಕಾಲೇಜು ಮಕ್ಕಳಿಂದ ಆಗುವುದಿಲ್ಲ, ಆಗಬಾರದು. ಉಳಿದದ್ದು ಕೈಯಾಳಿನ ಕೂಲಿ. ಸ್ವಯಂಸೇವಕರು ಮತ್ತು ನೀವು ಸೇರಿ ಉಳಿಸಬಹುದಾದದ್ದು ಹೆಚ್ಚೆಂದರೆ 75 ಸಾವಿರ.

ಈಗ ಸಾಲದ ಕಡೆ ನೋಡಿ, ನೀವು ವಾಣಿಜ್ಯ ಓದುತ್ತಿದ್ದೀರಿ, ನೀವೇ ಲೆಕ್ಕ ಹಾಕಬಹುದು. 2.5 ಲಕ್ಷವನ್ನು ಬಡ್ಡಿಯಿಲ್ಲದೆ ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 2,083 ರೂಪಾಯಿ. ಅದೇ ಹಣವನ್ನು ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ ತಂದರೆ ತಿಂಗಳ ಕಂತು ಸುಮಾರು 3,587. ಹತ್ತು ವರ್ಷದ ಕೊನೆಗೆ ಬಡ್ಡಿಯೊಂದೇ 1.8 ಲಕ್ಷ ಆಗಿರುತ್ತದೆ. ವಾರದ ಕಂತಿನ ಮೈಕ್ರೋ ಫೈನಾನ್ಸ್ ಸಾಲದ ಬಡ್ಡಿ ಇನ್ನೂ ಹೆಚ್ಚು, ಅದನ್ನು ನಿಮ್ಮ ಲೈನಿನಲ್ಲಿ ಯಾರೂ ನಿಮಗೆ ವಿವರಿಸಬೇಕಾಗಿಲ್ಲ. ಹಾಗಾಗಿ ಸಂಸ್ಥೆ ನಿಮಗೆ ಕೊಡುತ್ತಿರುವ ದೊಡ್ಡ ನೆರವು ಕಣ್ಣಿಗೆ ಕಾಣುವ ಕೈಗಳದ್ದಲ್ಲ, ಕಾಣದ ಬಡ್ಡಿಯದ್ದು. ಯಾವುದೋ ಕಾರಣಕ್ಕೆ ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ ಸ್ವಯಂಸೇವಕರನ್ನು ಬಿಡಿ, ಬಡ್ಡಿಯಿಲ್ಲದ ಸಾಲವನ್ನು ಬಿಡಬೇಡಿ.

ಕಂತಿನ ವಿಷಯದಲ್ಲಿ ಒಂದು ಮಾತು. ಪ್ರತಿ ತಿಂಗಳೂ ಒಂದೇ ಮೊತ್ತ ಎಂದು ಸಹಿ ಹಾಕಬೇಡಿ. ತೋಟದ ದುಡಿಮೆ ಕುಯ್ಲಿನಲ್ಲಿ ಉಬ್ಬುತ್ತದೆ, ಮಳೆ ಜೋರಾಗುವ ಕಕ್ಕಡ ಮಾಸದಲ್ಲಿ ಸೊರಗುತ್ತದೆ. ಜನವರಿಯಿಂದ ಮಾರ್ಚಿಯವರೆಗೆ ತಿಂಗಳಿಗೆ ನಾಲ್ಕು ಸಾವಿರ, ಜೂನ್‌ನಿಂದ ಆಗಸ್ಟಿನವರೆಗೆ ಒಂದು ಸಾವಿರ, ಉಳಿದ ಆರು ತಿಂಗಳು 1,670 ಎಂದು ಇಟ್ಟರೂ ವರ್ಷಕ್ಕೆ ಅದೇ 25 ಸಾವಿರ ಸೇರುತ್ತದೆ. ಮೈಸೂರಿನಲ್ಲಿ ಕೂತವರಿಗೆ ಇದು ತಾನಾಗಿ ಹೊಳೆಯುವುದಿಲ್ಲ, ನೀವೇ ಬರೆದುಕೊಂಡು ಹೋಗಿ ಕೇಳಿ.

ಪಕ್ಕದ ಲೈನಿನವರ ಮಾತು ಅರ್ಧ ತಪ್ಪು, ಆದರೆ ಅದರ ಹಿಂದೆ ಒಂದು ಸತ್ಯ ಇದೆ. ಒಂದೇ ಮನೆಗೆ ಎರಡು ಸರ್ಕಾರಿ ಯೋಜನೆಗಳ ಅನುದಾನ ಸಿಗುವುದಿಲ್ಲ, ಅದು ನಿಜ. ಯಾರೋ ಬಂದು ಮಣ್ಣು ಹೊತ್ತರು, ಸಂಸ್ಥೆ ಸಾಲ ಕೊಟ್ಟಿತು ಎಂಬ ಕಾರಣಕ್ಕೆ ಅನುದಾನ ತಪ್ಪುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದ ಗ್ರಾಮೀಣ ಕುಟುಂಬಗಳಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ 1.75 ಲಕ್ಷ ರೂಪಾಯಿ ಇದೆ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಕೇಂದ್ರ ನಿಗದಿ ಮಾಡಿದ ಮೊತ್ತ ಬಯಲು ಪ್ರದೇಶಕ್ಕೆ 1.20 ಲಕ್ಷ. ಹಣ ಒಟ್ಟಿಗೆ ಬರುವುದಿಲ್ಲ. ತಳಪಾಯ, ಕಿಟಕಿ ಮಟ್ಟ ಅಥವಾ ಲಿಂಟಲ್ (ಬಾಗಿಲು ಕಿಟಕಿಯ ಮೇಲಿನ ಅಡ್ಡತೊಲೆ), ಚಾವಣಿ, ಹೀಗೆ ಹಂತ ಮುಗಿದಂತೆ ಪಂಚಾಯಿತಿಯವರು ಜಾಗದಲ್ಲೇ ನಿಂತು ಫೋಟೋ ತೆಗೆದು ಏರಿಸಬೇಕು, ಆಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ.

ಅನುದಾನ ನಿಜವಾಗಿ ತಪ್ಪಿಹೋಗುವುದು ಉತ್ಸಾಹದಿಂದ. ಶಿಬಿರದ ದಿನ ಗೊತ್ತಾಗಿದೆ, ಮಕ್ಕಳು ಬಂದಿದ್ದಾರೆ, ಪಂಚಾಯಿತಿಯ ಆದೇಶ ಮಾತ್ರ ಬಂದಿಲ್ಲ. ಇರಲಿ, ಶುರು ಮಾಡೋಣ ಎಂದು ತಳಪಾಯ ತೋಡಿಬಿಡುತ್ತಾರೆ. ಮಂಜೂರಾತಿಗೆ ಮೊದಲೇ ಎದ್ದ ಗೋಡೆಗೆ ಹಣ ಬಿಡುಗಡೆ ಮಾಡಿಸುವುದು ಎಷ್ಟು ಕಷ್ಟ ಎಂದು ನಾನು ಕಂಡಿದ್ದೇನೆ. ಕೆಲಸದ ಆದೇಶ ಕೈಗೆ ಬರುವವರೆಗೆ ಆ ಜಾಗದಲ್ಲಿ ಗುದ್ದಲಿ ಮುಟ್ಟಬಾರದು. ಸ್ವಯಂಸೇವಕರಿಗೆ ಬೇಸರ ಆಗುತ್ತದೆಯಾದರೆ ಆಗಲಿ. ಅನುದಾನದ ಜೊತೆಗೆ ನಿಮ್ಮ ಸ್ವಂತ ಮನೆಗೆ ನೀವು ಮಾಡುವ ಕೆಲಸಕ್ಕೆ ಉದ್ಯೋಗ ಖಾತ್ರಿಯಲ್ಲಿ 90 ಮಾನವ ದಿನಗಳವರೆಗೆ ಕೂಲಿ ಸೇರಿಸುವ ಪದ್ಧತಿ ನಡೆದುಬಂದಿದೆ. ಈಗಿನ ನಿಯಮ ಏನು, ನಿಮ್ಮ ಜಾಬ್ ಕಾರ್ಡಿಗೆ ಅದು ಹೊಂದುತ್ತದೆಯೇ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಬರೆಸಿಕೊಂಡೇ ಬನ್ನಿ. ಇದು ಯಾಕೆ ಮುಖ್ಯ ಎಂದರೆ, ಸಂಸ್ಥೆ "ನೀವೂ ದುಡಿಯಬೇಕು" ಎಂದು ಹೇಳುವ ಕಾಲ ಸರಿಯಾಗಿ ಕುಯ್ಲಿನ ಕಾಲ. ಕೊಡಗಿನಲ್ಲಿ ಮನೆ ಕಟ್ಟಲು ಆಗುವುದೂ ಪುತ್ತರಿಯಿಂದ ಮೇ ತಿಂಗಳವರೆಗೆ, ಕಾಫಿ ಕುಯ್ಯುವುದೂ ಆಗಲೇ. ಅಪ್ಪ ಅರವತ್ತು ದಿನ ತೋಟಕ್ಕೆ ಹೋಗದಿದ್ದರೆ, ದಿನಕ್ಕೆ ಐನೂರು ಎಂದಿಟ್ಟರೂ ಮೂವತ್ತು ಸಾವಿರ ಹೋಯಿತು. ಸ್ವಯಂಸೇವೆಯಿಂದ ಉಳಿದ 75 ಸಾವಿರದಲ್ಲಿ ಅದನ್ನು ಕಳೆಯಬೇಕು. ಜೊತೆಗೆ ಕುಯ್ಲಿನಲ್ಲಿ ಕೈ ಕೊಟ್ಟರೆ ಸಾಹುಕಾರರ ಮನಸ್ಸು ಹೇಗಿರುತ್ತದೆ ಎಂಬುದೂ ಇದೆ, ಏಕೆಂದರೆ ಜಾಗ ಕೊಡುವವರೂ ಅವರೇ, ಈಗಿರುವ ಮನೆಯೂ ಅವರದೇ. ನಿಮ್ಮ ಪಾಲಿನ ದುಡಿಮೆಯನ್ನು ಭಾನುವಾರಗಳಿಗೆ, ಸಂಜೆಯ ನೀರು ಹಾಕುವ ಕೆಲಸಕ್ಕೆ, ಏಪ್ರಿಲ್ ಮತ್ತು ಮೇ ತಿಂಗಳಿಗೆ ಹಾಕಿಕೊಡಿ ಎಂದು ಕೇಳಿ.

ಚಿಕ್ಕಪ್ಪನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಕೆಲವು ವರ್ಷದ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಮನೆಯಲ್ಲಿ, ಹೊರಗಿನಿಂದ ಬಂದಿದ್ದ ತಂಡವೊಂದು ಎರಡು ದಿನ ನಾನಿಲ್ಲದಾಗ ಬಲು ಹುರುಪಿನಿಂದ ಗೋಡೆ ಏರಿಸಿತ್ತು. ತೂಕದ ಗುಂಡು ಬಿಟ್ಟು ನೋಡಿದರೆ ಎದೆಮಟ್ಟಕ್ಕೇ ಎರಡು ಇಂಚು ವಾಲಿತ್ತು. ಬಿಚ್ಚಿಸಿದೆ. ಆ ಹುಡುಗರ ಮುಖ ನೋಡುವುದು ಕಷ್ಟವಾಯಿತು, ಆದರೆ ಆ ಗೋಡೆಯ ಕೆಳಗೆ ಮಲಗುವ ಮಗು ಅವರ ಮನೆಯದ್ದಲ್ಲ. ತಪ್ಪು ಹುಡುಗರದಲ್ಲ, ಮೇಸ್ತ್ರಿಯನ್ನು ನಿಲ್ಲಿಸದೆ ಹೋದ ನನ್ನದು. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಸಂಬಳದ ಮೇಸ್ತ್ರಿ ಜಾಗದಲ್ಲಿ ಇಲ್ಲದ ದಿನ ಗಾರೆ ಕಲಸಬಾರದು.

ಹಾಗಾದರೆ ಮಕ್ಕಳಿಗೆ ಏನು ಕೆಲಸ? ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ದಾರಿ ಇದೆ. ಎನ್ನೆಸ್ಸೆಸ್ ವಿಶೇಷ ಶಿಬಿರ ಎಂದರೆ ಏಳು ದಿನ, ಐವತ್ತು ಮಕ್ಕಳು. ಮೂರು ಚದರದ ತಳಪಾಯದೊಳಗೆ ಒಂದೇ ಸಲಕ್ಕೆ ಹತ್ತು ಹನ್ನೆರಡು ಜನರಿಗಿಂತ ಹೆಚ್ಚು ನಿಲ್ಲಲಾಗದು. ಉಳಿದವರು ಬಾಂಡ್ಲಿ ಹಿಡಿದು ಕಾಯುತ್ತಾರೆ, ಇಲ್ಲವೇ ಕೆಡಿಸುತ್ತಾರೆ. ಅದೇ ಐವತ್ತು ಮಕ್ಕಳನ್ನು ಮಣ್ಣಿನ ಇಟ್ಟಿಗೆ ಒತ್ತಲು ಹಚ್ಚಿದರೆ ಒಂದು ಕೈಯೂ ಖಾಲಿ ಇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗದವರು ಹಳ್ಳಿಗಳಿಗೆಂದೇ ಬೆಳೆಸಿದ ವಿದ್ಯೆ ಇದು. ಸ್ಥಳದ ಮಣ್ಣಿಗೆ ಶೇ. 7ರಿಂದ 8ರಷ್ಟು ಸಿಮೆಂಟು ಬೆರೆಸಿ, ಮರ್ದಿನಿ ಎಂಬ ಕೈಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆ. ಸುಡುವ ಸೌದೆ ಬೇಡ, ವಿದ್ಯುತ್ ಬೇಡ. ಪಳಗಿದ ಕೈಗಳಿದ್ದರೆ ಒಂದು ಯಂತ್ರದಿಂದ ದಿನಕ್ಕೆ ನಾನೂರರಿಂದ ಐನೂರು ಇಟ್ಟಿಗೆ ಬರುತ್ತದೆ. ನಿಮ್ಮ ಮನೆಯ ಗೋಡೆಗೆ ಸುಮಾರು ಎರಡೂವರೆ ಸಾವಿರ ಬೇಕು. ಎರಡು ಯಂತ್ರ ತಂದರೆ, ಕಲಿಯುವ ದಿನ ಕಳೆದು ಒಡೆದದ್ದು ಬಿಟ್ಟರೂ, ಒಂದು ಶಿಬಿರದಲ್ಲಿ ಒಂದು ಮನೆಯ ಗೋಡೆಯ ಇಟ್ಟಿಗೆ ತಯಾರು. ಕೆಲವರು ಮಣ್ಣು ಅಗೆಯುತ್ತಾರೆ, ಕೆಲವರು ಜರಡಿ ಹಿಡಿಯುತ್ತಾರೆ, ಕೆಲವರು ಒತ್ತುತ್ತಾರೆ, ಕೆಲವರು ಹೊತ್ತು ಜೋಡಿಸುತ್ತಾರೆ. ಸಂಜೆ ಎಣಿಸಿದರೆ ಎಷ್ಟು ಆಯಿತು ಎಂದು ಗೊತ್ತಾಗುತ್ತದೆ. ಆ ಎಣಿಕೆಯ ಖುಷಿ ಮಕ್ಕಳನ್ನು ಮರುದಿನ ಎಬ್ಬಿಸುತ್ತದೆ.

ಆದರೆ ನಮ್ಮ ಕೆಮ್ಮಣ್ಣಿನಲ್ಲಿ ಜೇಡಿ ಹೆಚ್ಚು. ಹಾಗೇ ಒತ್ತಿದರೆ ಒಣಗುವಾಗ ಬಿರುಕು ಬಿಡುತ್ತದೆ. ಮರಳು ಅಥವಾ ಕಲ್ಲುಪುಡಿ ಸೇರಿಸಿ ಮಣ್ಣನ್ನು ಹದಕ್ಕೆ ತರಬೇಕು. ಮೊದಲು ಹತ್ತು ಇಟ್ಟಿಗೆ ಒತ್ತಿ, ಮೂರು ವಾರ ಗೋಣಿ ಮುಚ್ಚಿ ನೀರು ಚಿಮುಕಿಸಿ, ಆಮೇಲೆ ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ ನೋಡಬೇಕು. ಅಂಚು ಕರಗಿದರೆ ಆ ಮಣ್ಣಿಗೆ ಆ ಪಾಕ ಹೊಂದಿಲ್ಲ ಎಂದರ್ಥ. ಕಡಿಮೆ ಖರ್ಚಿನ ಕಟ್ಟಡ ವಿಧಾನಗಳ ಕೆಲಸ ಮಾಡುವ ಮಡಿಕೇರಿಯ ನಿರ್ಮಿತಿ ಕೇಂದ್ರದಲ್ಲಿ ಯಂತ್ರದ ಬಗ್ಗೆಯೂ ಮಣ್ಣಿನ ಬಗ್ಗೆಯೂ ವಿಚಾರಿಸಿ. ಈ ಗೋಡೆ ನಮ್ಮ ಮಳೆಗೆ ನಿಲ್ಲಬೇಕಾದರೆ ಕೆಳಗೆ ಎರಡು ಅಡಿಯಾದರೂ ಎತ್ತರದ ಕಲ್ಲಿನ ಪಾಯ, ಮೇಲೆ ಎರಡೂವರೆ ಅಡಿ ಹೊರಚಾಚಿದ ಸೂರು ಬೇಕು. ಕಾಲಿಗೆ ಚಪ್ಪಲಿ, ತಲೆಗೆ ಕೊಡೆ ಇದ್ದಂತೆ. ಮಟ್ಟಸ ಆರ್‌ಸಿಸಿ ಚಾವಣಿಯ ಆಸೆ ಬಿಡಿ ಎನ್ನುತ್ತೇನೆ. ಸಣ್ಣ ಬಜೆಟ್ಟಿನಲ್ಲಿ ಹಾಕಿದ ಮಟ್ಟಸ ಚಾವಣಿ ನಮ್ಮಲ್ಲಿ ಐದಾರು ಮಳೆಗಾಲಕ್ಕೆ ತೊಟ್ಟಿಕ್ಕಲು ಶುರುವಾಗುತ್ತದೆ, ಆಮೇಲೆ ಅದರ ಮೇಲೆ ಶೀಟ್ ಹೊದಿಸುವುದು ಇದ್ದದ್ದೇ. ಮೊದಲೇ ಕಬ್ಬಿಣದ ಪೈಪಿನ ಇಳಿಜಾರು ಚೌಕಟ್ಟು ಮಾಡಿ ಮಂಗಳೂರು ಹೆಂಚು ಹೊದಿಸಿದರೆ ಖರ್ಚೂ ತಗ್ಗುತ್ತದೆ, ಒಂದು ಹೆಂಚು ಒಡೆದರೆ ಅಪ್ಪನೇ ಏರಿ ಬದಲಿಸಬಹುದು.

ಗೋಡೆ ಕಟ್ಟಿದ ಮೇಲೆ ನೀರು ಹಾಕುವುದು, ಮರಳು ಜರಡಿ ಹಿಡಿಯುವುದು, ಹೆಂಚು ಕೈದಾಟಿಸುವುದು, ಬಣ್ಣ ಬಳಿಯುವುದು, ಚರಂಡಿ ತೋಡುವುದು ಎಲ್ಲವೂ ಸ್ವಯಂಸೇವಕರ ಕೆಲಸವೇ. ನೀರು ಹಾಕುವುದನ್ನು ಹಗುರವಾಗಿ ಕಾಣಬೇಡಿ. ಈಗ ಸಿಗುವ ಮಿಶ್ರ ಸಿಮೆಂಟಿಗೆ ಕನಿಷ್ಠ ಹತ್ತು ದಿನ ತೇವ ಇರಬೇಕು. ಶಿಬಿರ ಮುಗಿದು ಮಕ್ಕಳು ಹೊರಟ ಮೇಲೆ ಕೊಡ ಹಿಡಿಯುವವರು ನೀವೇ. ಪಾಯದ ಮಟ್ಟ, ಲಿಂಟಲ್, ಚಾವಣಿ, ವಿದ್ಯುತ್ತು, ಇವುಗಳಿಗೆ ಸಂಬಳದ ಕೆಲಸಗಾರರೇ ಬೇಕು. ಹದಿನೆಂಟು ತುಂಬದವರನ್ನು ಅಟ್ಟಣಿಗೆ ಹತ್ತಿಸಬಾರದು. ಯಾರಾದರೂ ಬಿದ್ದು ಪೆಟ್ಟಾದರೆ ಆಸ್ಪತ್ರೆಯ ಖರ್ಚು ಯಾರದು ಎಂದು ಸಂಸ್ಥೆಯನ್ನು ಮೊದಲೇ ಕೇಳಿ, ಶಿಬಿರದ ಅವಧಿಗೆ ಗುಂಪು ಅಪಘಾತ ವಿಮೆ ಮಾಡಿಸಲು ಹೇಳಿ. ಅದಕ್ಕೆ ಹೆಚ್ಚು ಹಣ ಬೇಕಾಗುವುದಿಲ್ಲ. ಕೇಳದೆ ಬಿಟ್ಟರೆ ಆ ಭಾರ ಯಾರ ಮನೆ ಬಾಗಿಲಿಗೆ ಬರುತ್ತದೆ ಎಂದು ನಿಮಗೆ ಗೊತ್ತು.

ಮೇ ಮಧ್ಯಕ್ಕೆ ಚಾವಣಿ ಏರಲೇಬೇಕು. ಏರದು ಎಂದು ಮಾರ್ಚಿಯಲ್ಲಿ ಅನಿಸಿದರೆ ಗೋಡೆ ಶುರು ಮಾಡದೆ ಪಾಯಕ್ಕೇ ನಿಲ್ಲಿಸಿ. ಪಾಯ ಮಳೆಯಲ್ಲಿ ನೆನೆದರೆ ಏನೂ ಆಗುವುದಿಲ್ಲ. ತಲೆ ತೆರೆದ ಗೋಡೆ ನಾಲ್ಕು ತಿಂಗಳು ನೆನೆದರೆ ಉಳಿಯುವುದಿಲ್ಲ. ಉಳಿದ ಸಿಮೆಂಟನ್ನೂ ಮುಂದಿನ ವರ್ಷಕ್ಕೆಂದು ಇಡಬೇಡಿ, ಮಳೆಗಾಲದ ತೇವಕ್ಕೆ ಅದು ಚೀಲದಲ್ಲೇ ಸತ್ವ ಕಳೆದುಕೊಳ್ಳುತ್ತದೆ.

ಈಗ ಆ ನಾಲ್ಕು ಸೆಂಟ್. ಸಾಹುಕಾರರ ಮನಸ್ಸನ್ನು ನಾನು ಅನುಮಾನಿಸುತ್ತಿಲ್ಲ, ಇಂಥ ಒಳ್ಳೆಯ ಮನಸ್ಸಿನವರನ್ನು ಬಹಳ ಕಂಡಿದ್ದೇನೆ. ಆದರೆ ಅವರು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಜಾಗ ಎಂಥದ್ದು, ಅವರೊಬ್ಬರೇ ಕೊಡಬಹುದೇ, ಕೊಟ್ಟದ್ದು ಕಾಗದದಲ್ಲಿ ನಿಲ್ಲುತ್ತದೆಯೇ.

ತೋಟದ ಅಂಚು ಎಂದರೆ ಹೆಚ್ಚಾಗಿ ಕಾಫಿಗೆ ಆಗದ ಜಾಗ: ಕಡಿದಾದ ಬರೆ (ಮಣ್ಣಿನ ಏರು), ತೋಡಿನ (ಹಳ್ಳದ) ಬದಿ, ಆನೆ ದಾಟುವ ಹಾದಿ. ನಿಮ್ಮ ಹತ್ತಿರದ ಕರಡಿಗೋಡು, ನೆಲ್ಯಹುದಿಕೇರಿಗಳಲ್ಲಿ 2019ರ ಆಗಸ್ಟಿನಲ್ಲಿ ಕಾವೇರಿ ನುಗ್ಗಿ ಮನೆಗಳನ್ನು ಕೊಂಡೊಯ್ದದ್ದನ್ನು ನೀವು ಕಂಡಿರುತ್ತೀರಿ. ಆ ವರ್ಷ ನೀರು ಎಲ್ಲಿಗೆ ಬಂದಿತ್ತು ಎಂದು ಅಲ್ಲಿನ ಹಿರಿಯರನ್ನು ಕೇಳಿ, ಅದಕ್ಕಿಂತ ಮೇಲೆ ಇರಬೇಕು. ಇಳಿಜಾರಾದರೆ ಇನ್ನೂ ಎಚ್ಚರ. 2018ರಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆ ಬೆಟ್ಟ ಕುಸಿದ ಮೇಲೆ ನಾನು ಹೋಗಿ ನೋಡಿದ ಎಷ್ಟೋ ಜಾಗಗಳಲ್ಲಿ ಒಂದೇ ಚಿತ್ರ: ಮನೆಗೆಂದು ಬರೆಯನ್ನು ನೆಟ್ಟಗೆ ಕಡಿದಿದ್ದರು, ಕಡಿದ ಮಣ್ಣನ್ನು ಮುಂದೆ ತಳ್ಳಿ ಅಂಗಳ ಮಾಡಿದ್ದರು, ನೀರಿಗೆ ದಾರಿ ಬಿಟ್ಟಿರಲಿಲ್ಲ. ತಳ್ಳಿದ ಮಣ್ಣಿನ ಮೇಲೆ ಪಾಯ ಹಾಕಬಾರದು, ಎಷ್ಟು ದಮ್ಮಸು ಮಾಡಿದರೂ ಸರಿ. ಆಳೆತ್ತರಕ್ಕಿಂತ ಹೆಚ್ಚು ಬರೆ ಕಡಿಯಬೇಕಾದ ಜಾಗವಾದರೆ ಬೇಡ ಎಂದುಬಿಡಿ. ಅಲ್ಲಿ ತಡೆಗೋಡೆ ಕಟ್ಟುವ ಖರ್ಚಿನಲ್ಲಿ ಅರ್ಧ ಮನೆ ಆಗುತ್ತದೆ, ಆ ಹಣ ನಿಮ್ಮ ಲೆಕ್ಕದಲ್ಲಿ ಎಲ್ಲೂ ಇಲ್ಲ. ತೋಟದೊಳಗೇ ಸ್ವಲ್ಪ ಸಮತಟ್ಟಾದ, ರಸ್ತೆಗೆ ಹತ್ತಿರದ ಮೂರೇ ಸೆಂಟ್ ಕೊಟ್ಟರೂ ಅದು ಮೇಲು.

ಕಾಗದದ ವಿಷಯಕ್ಕೆ ಬಂದರೆ, ಮೊದಲು ಆರ್‌ಟಿಸಿ (ಪಹಣಿ) ತೆಗೆಸಿ ನೋಡಿ. ಜಮ್ಮಾ ಜಾಗವಾದರೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು) ಅದರ ಮೇಲೆ ಒಕ್ಕದ, ಅಂದರೆ ಆ ಮನೆತನದ, ಬೇರೆಯವರ ಹಕ್ಕೂ ಇರುತ್ತದೆ. ಸಾಹುಕಾರರು ಅನುಭವದಲ್ಲಿ ಇಟ್ಟುಕೊಂಡಿದ್ದಾರೆ ಎಂದ ಮಾತ್ರಕ್ಕೆ ಅವರೊಬ್ಬರ ಸಹಿ ಸಾಕಾಗುವುದಿಲ್ಲ, ಉಳಿದ ಹಕ್ಕುದಾರರ ಒಪ್ಪಿಗೆ ಬೇಕು. ಹನ್ನೊಂದನೇ ಕಾಲಂನಲ್ಲಿ ಬ್ಯಾಂಕಿನ ಹೆಸರಿದ್ದರೆ ತೋಟ ಅಡವಿದೆ ಎಂದರ್ಥ, ಬ್ಯಾಂಕಿನ ಅನುಮತಿ ಇಲ್ಲದೆ ನಿಮ್ಮ ನಾಲ್ಕು ಸೆಂಟ್ ಬಿಡುಗಡೆಯಾಗದು. ಉಪನೋಂದಣಿ ಕಚೇರಿಯಿಂದ ಮೂವತ್ತು ವರ್ಷದ ಋಣಭಾರ ಪತ್ರ ಪಡೆಯಿರಿ. ಆಮೇಲೆ 11ಇ ನಕ್ಷೆ (ಜಾಗವನ್ನು ಭಾಗ ಮಾಡಿ ಅಳೆದ ಸರ್ವೆ ನಕ್ಷೆ), ಭೂ ಪರಿವರ್ತನೆ (ಕೃಷಿ ಜಾಗವನ್ನು ಮನೆಗೆ ಬಳಸಲು ಅನುಮತಿ), ನೋಂದಾಯಿತ ದಾನಪತ್ರ, ಪಂಚಾಯಿತಿಯಲ್ಲಿ ಇ-ಸ್ವತ್ತು (ಗಣಕೀಕೃತ ಆಸ್ತಿ ದಾಖಲೆ). ಇ-ಸ್ವತ್ತಿನ ನಮೂನೆ 9 ಮತ್ತು 11ಎ ನಿಮ್ಮ ಹೆಸರಿಗೆ ಬಂದರೆ ಮಾತ್ರ ವಸತಿ ಯೋಜನೆಯ ಕಡತ ಮುಂದೆ ಹೋಗುತ್ತದೆ. ಇಪ್ಪತ್ತು ರೂಪಾಯಿ, ನೂರು ರೂಪಾಯಿ ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿ ಕೊಟ್ಟ ಜಾಗ ದಾನವಾಗುವುದಿಲ್ಲ. ಸ್ಥಿರಾಸ್ತಿಯ ದಾನ ನೋಂದಣಿಯಾಗಲೇಬೇಕು, ಇಬ್ಬರು ಸಾಕ್ಷಿ ಇರಲೇಬೇಕು. ಕುಟುಂಬದ ಹೊರಗಿನವರಿಗೆ ಕೊಡುವ ದಾನಕ್ಕೆ ಕ್ರಯದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಆ ಅರವತ್ತು ಸಾವಿರದಲ್ಲಿ ಒಂದು ಪಾಲನ್ನು ಇದಕ್ಕೇ ಎತ್ತಿಡಿ, ಇಟ್ಟಿಗೆಗೆ ಮುಟ್ಟಬೇಡಿ.

ಇದೆಲ್ಲ ಪುತ್ತರಿಯೊಳಗೆ ಆಗುತ್ತದೆಯೇ? ನನ್ನ ಅನುಭವದಲ್ಲಿ ಕಷ್ಟ. ಜಮ್ಮಾ ಜಾಗವಾದರೆ ಇನ್ನೂ ಕಷ್ಟ. ನಾನು ನಿಮ್ಮ ಜಾಗದಲ್ಲಿದ್ದರೆ ಈ ಸಲದ ಶಿಬಿರವನ್ನು ಬೇರೊಬ್ಬರ ಮನೆಗೆ ಕಳಿಸಿ, ನೀವು ಮನೆಯವರೆಲ್ಲ ಅಲ್ಲಿ ಹೋಗಿ ಕೈ ಹಚ್ಚಿ, ಮುಂದಿನ ವರ್ಷದ ಸರದಿಯನ್ನು ಸಂಸ್ಥೆಯಿಂದ ಪತ್ರದಲ್ಲಿ ಬರೆಸಿಕೊಳ್ಳುತ್ತಿದ್ದೆ. ಒಂದು ವರ್ಷ ಕಾಯುವುದರಲ್ಲೂ ಅಪಾಯ ಇದೆ: ಸಾಹುಕಾರರ ಮನಸ್ಸು ಬದಲಾಗಬಹುದು, ಸಂಸ್ಥೆಯ ಹಣ ಬೇರೆ ಕಡೆ ಹೋಗಬಹುದು. ಆದರೆ ಕಾಗದವಿಲ್ಲದ ನೆಲದಲ್ಲಿ 5.4 ಲಕ್ಷದ ಮನೆ ಎದ್ದರೆ, ನಾಳೆ ತೋಟ ಮಾರಾಟವಾದ ದಿನ ಅದು ಇನ್ನೊಂದು ಲೈನ್ ಮನೆ ಆಗುತ್ತದೆ. ಎರಡೂವರೆ ಲಕ್ಷದ ಕಂತು ಮಾತ್ರ ನಿಮ್ಮ ತಲೆಯ ಮೇಲೆ ಉಳಿಯುತ್ತದೆ.

ಸಾಹುಕಾರರ ಜಾಗ ಕೈಗೂಡದಿದ್ದರೆ ಎರಡು ದಾರಿ ಇವೆ, ಎರಡೂ ನಿಧಾನ. ಪಂಚಾಯಿತಿಯಲ್ಲಿ ನಿವೇಶನ ರಹಿತರ ಪಟ್ಟಿ ಬೇರೆ ಇರುತ್ತದೆ, ವಸತಿರಹಿತರ ಪಟ್ಟಿ ಬೇರೆ. ನಿಮ್ಮ ಅಪ್ಪನ ಹೆಸರು ಮೊದಲನೆಯದರಲ್ಲಿ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲೇ ಸೇರಿಸಿ. ಅಥವಾ ನಿಮ್ಮಂಥ ನಾಲ್ಕೈದು ಕುಟುಂಬ ಸೇರಿ ಈಗಾಗಲೇ ಪರಿವರ್ತನೆಯಾದ ಜಾಗ ಕೊಳ್ಳಲು ಸಂಸ್ಥೆಯ ಸಾಲ ಕೇಳಬಹುದು. ಹಾಗೆ ಕೊಂಡ ಜಾಗದಲ್ಲಿ ಮುಯ್ಯಾಳು ನಿಜವಾಗಿ ಕೆಲಸ ಮಾಡುತ್ತದೆ, ಒಬ್ಬರ ಗೋಡೆಗೆ ಐದು ಮನೆಯವರ ಕೈ ಇರುತ್ತದೆ. ಪೈಸಾರಿಯಲ್ಲಿ (ಸರ್ಕಾರಿ ಖಾಲಿ ಜಾಗದಲ್ಲಿ) ಶೆಡ್ ಹಾಕಿಬಿಡಿ, ಭೂಕಂದಾಯ ಕಾಯ್ದೆಯ 94ಸಿಯಲ್ಲಿ ಹಕ್ಕುಪತ್ರ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಕಲಮು ಕಾನೂನು ಹೇಳಿದ ದಿನಾಂಕಕ್ಕೆ ಮೊದಲೇ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿ ವಾಸವಿದ್ದವರಿಗೆ. ಇಂದು ಹೋಗಿ ಹಾಕುವ ಶೆಡ್ಡಿಗೆ ಅದು ಅನ್ವಯಿಸುವುದಿಲ್ಲ. 2016ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕಿತ್ತುಹಾಕಿದ್ದು ನಿಮಗೆ ನೆನಪಿರಬಹುದು. ಅವರಿಗೆ ಬೇರೆ ಕಡೆ ಜಾಗ ಸಿಗಲು ಎಷ್ಟು ಹೋರಾಟ ಬೇಕಾಯಿತು!

ಸಂಸ್ಥೆಯ ಒಪ್ಪಂದಪತ್ರ ಕೈಗೆ ಬಂದಾಗ ಸಹಿ ಮಾಡುವ ಮೊದಲು ಎರಡು ಸಾಲು ಹುಡುಕಿ ಓದಿ. ಸಾಲ ತೀರುವವರೆಗೆ ಜಾಗ ಯಾರ ಹೆಸರಲ್ಲಿರುತ್ತದೆ? ಸಂಸ್ಥೆಯ ಹೆಸರಲ್ಲಿ ಎಂದಿದ್ದರೆ ಒಪ್ಪಬೇಡಿ, ಏಕೆಂದರೆ ಆಗ ಇ-ಸ್ವತ್ತೂ ಇಲ್ಲ, ಅನುದಾನವೂ ಇಲ್ಲ. ಕಂತು ತಪ್ಪಿದರೆ ಏನು? ಅಪ್ಪನಿಗೆ ಕಾಯಿಲೆಯಾಗಿ ಆರು ತಿಂಗಳು ಕಟ್ಟಲಾಗದಿದ್ದರೆ ಅವಧಿ ಮುಂದೆ ಹೋಗುತ್ತದೆ ಎಂಬ ಮಾತು ಅದರಲ್ಲಿ ಬರೆದಿರಬೇಕು. ಬಾಯಲ್ಲಿ ಹೇಳಿದ್ದು ಸಾಲದು.

ಕೊನೆಗೆ ಅಮ್ಮನ ಪ್ರಶ್ನೆ. ದಾನಪತ್ರವನ್ನು ಅಮ್ಮನ ಹೆಸರಿಗೆ, ಅಥವಾ ಅಪ್ಪ ಅಮ್ಮ ಇಬ್ಬರ ಜಂಟಿ ಹೆಸರಿಗೆ ಮಾಡಿಸಿ. ವಸತಿ ಯೋಜನೆಗಳೂ ಮಹಿಳೆಯ ಹೆಸರಿಗೇ ಆದ್ಯತೆ ಕೊಡುತ್ತವೆ. ಆದರೆ ಈಗ ಪಂಚಾಯಿತಿಯ ಪಟ್ಟಿಯಲ್ಲಿ ಇರುವುದು ಅಪ್ಪನ ಹೆಸರು. ಜಾಗ ಅಮ್ಮನ ಹೆಸರಿಗೆ ಬಂದು, ಮಂಜೂರಾತಿ ಅಪ್ಪನ ಹೆಸರಿಗೆ ಬಂದರೆ ಮೊದಲ ಕಂತಿನಲ್ಲೇ ಕಡತ ನಿಲ್ಲುತ್ತದೆ. ಹಾಗಾಗಿ ದಾನಪತ್ರ ಬರೆಸುವ ಮೊದಲು ಪಿಡಿಒ ಹತ್ತಿರ ಹೋಗಿ ಪಟ್ಟಿಯಲ್ಲಿ ಅಮ್ಮನ ಹೆಸರು ಸೇರಿಸಲು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಆಧಾರ್, ಪಡಿತರ ಚೀಟಿ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪುಸ್ತಕ ನಾಲ್ಕರಲ್ಲೂ ಅಮ್ಮನ ಹೆಸರಿನ ಅಕ್ಷರ ಒಂದೇ ಥರ ಇದೆಯೇ ಎಂದು ಈ ವಾರವೇ ನೋಡಿ. ಒಂದರಲ್ಲಿ ಇನಿಷಿಯಲ್ ಇದ್ದು ಇನ್ನೊಂದರಲ್ಲಿ ಇಲ್ಲದ್ದಕ್ಕೇ ಆರು ತಿಂಗಳು ಅಲೆದವರನ್ನು ಕಂಡಿದ್ದೇನೆ. ಅದನ್ನು ತಿದ್ದಿಸಲು ಈ ಮಳೆಗಾಲ ಸಾಕು.